ವಖಾರಿಯಲ್ಲೊಂದು ಮದುವೆ

ಎರಡು ವರ್ಷದ ಹಿಂದಿನ ಮಾತು. ನನ್ನ ತಮ್ಮನ ಮಗಳ ಮದುವೆ ನಿಪ್ಪಾಣಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಗೊತ್ತಾಗಿತ್ತು. ಜಾಗ ಬೀಗರು ಆರಿಸಿದ್ದು. ಪತ್ರಿಕೆಯಲ್ಲಿ ಅಚ್ಚಾದ ಹೆಸರು ಹೊಸದಾಗಿದ್ದುದರಿಂದ ನಾನು ಅದನ್ನು ಹೊಸ ಕಟ್ಟಡವೆಂದೇ ತಿಳಿದಿದ್ದೆ. ಎಂಬತ್ತು ದಾಟಿದ ನನ್ನ ಅವ್ವನನ್ನು ರಿಕ್ಷಾದಿಂದ ಇಳಿಸಿ, ಕೈಹಿಡಿದು ಬಾಗಿಲವರೆಗೆ ಕರೆತಂದೆ. ಹೊಸ್ತಿಲ ಮುಂದೆ ಅವ್ವ ನಿಂತುಬಿಟ್ಟಳು.

“ಯಾಕಬೇ, ಕಾಲು ನೋಯಾಕತ್ತಾವೇನ?” ಎಂದೆ.

“ಇಲ್ಲ. ಇದು ನಮ್ಮ ವಖಾರಿ ಅಲ್ಲೇನು?”

ನಾನು ಸುತ್ತ ನೋಡಿದೆ. ಗೋಡೆಗೆ ಗುಲಾಬಿ ಬಣ್ಣ, ನೆಲಕ್ಕೆ ಹೊಳೆಯುವ ಫರಸಿ, ತಲೆಯ ಮೇಲೆ ಪಿಓಪಿ ಮಾಡು, ಅದರ ತುಂಬ ದೀಪ. ವಖಾರಿಯ ಗುರುತು ಯಾವುದೂ ನನಗೆ ಕಾಣಲಿಲ್ಲ. ಅವ್ವ ಬಗ್ಗಿ ಹೊಸ್ತಿಲ ಕಲ್ಲನ್ನು ತೋರಿಸಿದಳು. “ನಡಬರಕ ಸವದೈತಿ ನೋಡ. ಇದನ್ನ ನಾವು ಸವಸಿದ್ದು.”

ಕಲ್ಲು ನಿಜವಾಗಿಯೂ ನಡುವೆ ತಗ್ಗಾಗಿತ್ತು. ಮೂವತ್ತು ವರ್ಷ ಅವ್ವ ಆ ಕಲ್ಲನ್ನು ದಿನಕ್ಕೆ ಎರಡು ಸಲ ದಾಟಿದ್ದಳು. ರಜೆಯ ದಿನಗಳಲ್ಲಿ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದ ನಾನೂ ಅಲ್ಲಿ ನಿಂತು ಎಷ್ಟೋ ಸಲ ಕೂಗಿದ್ದೆ. ನಾನು ಮೂವತ್ತು ವರ್ಷದಿಂದ ಮಕ್ಕಳಿಗೆ ಇತಿಹಾಸ ಕಲಿಸುವವಳು. ಬಾದಾಮಿಯ ಗುಹೆಗಳ ಸಂಖ್ಯೆ ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ. ಆದರೆ ನನ್ನ ಅನ್ನದ ಮನೆಯನ್ನು ನಾನು ಗುರುತಿಸಲಾರದೆ ಹೋದೆ. ಈ ಲೇಖನ ಬರೆಯುವುದಕ್ಕೆ ಆ ನಾಚಿಕೆಯೇ ಕಾರಣ.

ವಖಾರಿ ಎಂದರೆ ಬೇರೆ ಕಡೆಯವರಿಗೆ ಬರೀ ಉಗ್ರಾಣ. ನಿಪ್ಪಾಣಿಯಲ್ಲಿ ವಖಾರಿ ಎಂದರೆ ತಂಬಾಕಿನದೇ. ದೂಧಗಂಗಾ, ವೇದಗಂಗಾ ನದಿಗಳ ಸುತ್ತಿನ ಕಪ್ಪು ನೆಲದಲ್ಲಿ ಬೀಡಿ ತಂಬಾಕು ಬಹಳ ಹಿಂದಿನಿಂದ ಬೆಳೆಯುತ್ತ ಬಂದಿದೆ. ಮಳೆಗಾಲದಲ್ಲಿ ಸಸಿ ನೆಡುತ್ತಾರೆ. ಗಿಡ ಎತ್ತರವಾದ ಮೇಲೆ ಕುಡಿ ಚಿವುಟಿ, ಬಗಲಲ್ಲಿ ಒಡೆದ ಚಿಗುರನ್ನೂ ತೆಗೆದು, ಇದ್ದ ಎಲೆಗಳಲ್ಲೇ ಸತ್ವ ತುಂಬುವಂತೆ ಮಾಡುತ್ತಾರೆ. ಚಳಿ ಮುಗಿಯುವ ಹೊತ್ತಿಗೆ ಗಿಡ ಕೊಯ್ದು ಬಿಸಿಲಿಗೆ ಒಣಗಿಸುತ್ತಾರೆ. ಅಲ್ಲಿಗೆ ರೈತನ ಕೆಲಸ ಮುಗಿಯಿತು. ಎಲೆಯಿಂದ ಕಡ್ಡಿ ಬೇರ್ಪಡಿಸುವುದು, ಬಡಿದು ಪುಡಿ ಮಾಡುವುದು, ಬೇರೆ ಬೇರೆ ಜರಡಿಗಳಲ್ಲಿ ಜಾಳಿಸಿ ಜರ್ದಾ ತರಗತಿ ಮಾಡುವುದು, ಚೀಲ ತುಂಬಿ ಬೀಡಿ ಊರುಗಳಿಗೆ ಕಳಿಸುವುದು, ಇದೆಲ್ಲ ವಖಾರಿಯ ಕೆಲಸ. ಅಂದರೆ ವಖಾರಿ ಸರಕು ಇಡುವ ಮನೆಯಷ್ಟೇ ಆಗಿರಲಿಲ್ಲ. ಯಂತ್ರದ ಸದ್ದು ಕಡಿಮೆ, ಮನುಷ್ಯರ ಕೆಮ್ಮು ಹೆಚ್ಚು ಇದ್ದ ಕಾರಖಾನೆಯಾಗಿತ್ತು. ಮಾಲಕರು, ದಿವಾಣಜಿ, ಮುಕಾದಮ ಗಂಡಸರು. ಜರಡಿ ಹಿಡಿದವರು ಹೆಚ್ಚಾಗಿ ಹೆಂಗಸರು.

ಕಟ್ಟಡದ ರೀತಿಯೂ ಈ ಕೆಲಸಕ್ಕೆ ತಕ್ಕಂತೆ ಇತ್ತು. ತಂಬಾಕು ತೀರ ಒಣಗಿದರೆ ಪುಡಿಪುಡಿಯಾಗುತ್ತದೆ, ತೇವ ಹಿಡಿದರೆ ಬೂಸಲು ಬರುತ್ತದೆ. ಆದ್ದರಿಂದ ನಾನು ಕಂಡ ಹಳೆಯ ವಖಾರಿಗಳಿಗೆಲ್ಲ ಮೊಳಗಟ್ಟಲೆ ದಪ್ಪದ ಗೋಡೆ, ಎತ್ತರದ ಹಂಚಿನ ಮಾಡು, ಅದನ್ನು ಹೊತ್ತ ಕಟ್ಟಿಗೆಯ ದೊಡ್ಡ ತೊಲೆಗಳು, ಮೇಲೆಲ್ಲೋ ಸರಳು ಹಾಕಿದ ಸಣ್ಣ ಕಿಟಕಿಗಳು, ಗಾಡಿ ಒಳಗೆ ಬರುವಷ್ಟು ಅಗಲದ ಬಾಗಿಲು. ಕಿಟಕಿ ಇದ್ದರೂ ಮುಚ್ಚಿಯೇ ಇರುತ್ತಿತ್ತು. ಗಾಳಿ ಬಂದರೆ ಮಾಲು ಹಾರುತ್ತದಲ್ಲ! ಮಾಲಿಗೆ ಹಿತವಾದದ್ದು ಮನುಷ್ಯರ ಎದೆಗೆ ಹಿತವಾಗಲಿಲ್ಲ.

ಇನ್ನೊಂದು ಕಾರಣ ಸರಕಾರದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ತಂಬಾಕಿನ ಮೇಲೆ ಕೇಂದ್ರ ಅಬಕಾರಿ ಸುಂಕ ಬಂತು. ಅಲ್ಲಿಂದ ವಖಾರಿಗೆ ಲೈಸೆನ್ಸು ಬೇಕಾಯಿತು. ಒಳಗೆ ಬಂದ ಮಾಲಿಗೆ ಲೆಕ್ಕ, ಹೊರಗೆ ಹೋಗುವ ಮಾಲಿಗೆ ಲೆಕ್ಕ. ಕಚ್ಚಾ ತಂಬಾಕಿನ ಮೇಲಿನ ಸುಂಕವನ್ನು 1979ರಲ್ಲಿ ತೆಗೆದರು. ಆದರೆ ಆ ಮೂವತ್ತಾರು ವರ್ಷಗಳ ಬೀಗ, ಸರಳು, ತಪಾಸಣೆಗಳ ಅಭ್ಯಾಸ ಬೇಗ ಹೋಗಲಿಲ್ಲ. ಸಂಜೆ ಮನೆಗೆ ಹೊರಟ ಹೆಂಗಸರ ಸೆರಗು, ಬುತ್ತಿಗಂಟು ಝಾಡಿಸಿ ನೋಡುತ್ತಿದ್ದರಂತೆ. “ಅರ್ಧ ತೊಲಿ ತಂಬಾಕಿನ ಸಲುವಾಗಿ ಮಾನಾ ತೂಗತಿದ್ರು” ಎಂದು ಅವ್ವ ಒಮ್ಮೆ ಹೇಳಿದ್ದಳು, ಒಮ್ಮೆ ಮಾತ್ರ.

ಅವ್ವ ಮನೆಗೆ ಬಂದರೆ ನಮಗೆ ವಾಸನೆಯಿಂದಲೇ ಗೊತ್ತಾಗುತ್ತಿತ್ತು. ಮೂಗಿಗೆ ಕಟ್ಟಿದ ಅರಿವೆ ಒಗೆದು ಒಣಹಾಕಿದರೂ ಕಂದುಬಣ್ಣ ಹೋಗುತ್ತಿರಲಿಲ್ಲ. ಬೆರಳಿನ ಕಹಿ ಸಾಬೂನಿಗೂ ಜಗ್ಗುತ್ತಿರಲಿಲ್ಲ. ಅವಳು ಮುರಿದು ಕೊಟ್ಟ ರೊಟ್ಟಿ ಕಹಿಯೆಂದು ನನ್ನ ತಮ್ಮ ಹಟ ಮಾಡುತ್ತಿದ್ದ. ಅವಳು ನಮಗೆ ಕೈತುತ್ತು ಹಾಕುವುದನ್ನೇ ಬಿಟ್ಟಳು. ಇದು ಯಾವ ಗೆಜೆಟಿಯರಿನಲ್ಲೂ ಬರುವ ಸಂಗತಿಯಲ್ಲ.

1980ರ ಸುಮಾರಿಗೆ ಪ್ರೊ. ಸುಭಾಷ್ ಜೋಶಿಯವರ ಮುಂದಾಳುತನದಲ್ಲಿ ನಿಪ್ಪಾಣಿಯ ತಂಬಾಕು ಹೆಂಗಸರು ಸಂಘ ಕಟ್ಟಿಕೊಂಡರು. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ 1966ರಲ್ಲೇ ಬಂದಿತ್ತು. ಕಾಯಿದೆ ದಿಲ್ಲಿಯಿಂದ ವಖಾರಿಯ ಹೊಸ್ತಿಲವರೆಗೆ ಬರಲು ಇಷ್ಟು ವರ್ಷ ಬೇಕಾಯಿತು. ಹೆಂಗಸರು ಮೆರವಣಿಗೆ ತೆಗೆದರು, ಪಗಾರ ಏರಿಸಿಕೊಂಡರು, ಅದಕ್ಕೂ ಮಿಗಿಲಾಗಿ ಮುಕಾದಮನ ಮುಂದೆ ತಲೆಯೆತ್ತಿ ಮಾತಾಡಲು ಕಲಿತರು. ಛಾಯಾ ದಾತಾರ್ ಅವರು ಇವರೊಡನೆ ಓಡಾಡಿ ಇಂಗ್ಲಿಷಿನಲ್ಲಿ ‘ವೇಜಿಂಗ್ ಚೇಂಜ್’ ಎಂಬ ಪುಸ್ತಕ ಬರೆದರು. ಅದು 1989ರಲ್ಲಿ ದಿಲ್ಲಿಯಲ್ಲಿ ಪ್ರಕಟವಾಯಿತು. ನಮ್ಮ ಓಣಿಯ ಹೆಂಗಸರ ಬದುಕು ದಿಲ್ಲಿಯ ಪುಸ್ತಕದಂಗಡಿ ಸೇರಿತು, ನಮ್ಮ ಶಾಲೆಯ ಕಪಾಟು ಸೇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮರುವರ್ಷ ರೈತರ ಸರದಿ. 1981ರ ಮಾರ್ಚಿನಲ್ಲಿ ತಂಬಾಕಿಗೆ ಯೋಗ್ಯ ಬೆಲೆ ಬೇಕೆಂದು ಶರದ್ ಜೋಶಿಯವರ ಮುಂದಾಳುತನದಲ್ಲಿ ರೈತರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆಯೇ ಬಿಡಾರ ಹೂಡಿದರು. ಆಗ ನನಗೆ ಹದಿಮೂರು ವರ್ಷ. ಎತ್ತು ಗಾಡಿ ಸಹಿತ ರಸ್ತೆಯಲ್ಲಿ ಕೂತ ಜನರನ್ನು ಜಾತ್ರೆಯೆಂಬಂತೆ ನೋಡಿ ಬಂದಿದ್ದೆ. ಏಪ್ರಿಲ್ 6ರಂದು ಗೋಲಿಬಾರ್ ಆಯಿತು. ರೈತರು ಸತ್ತರು. ಆ ರಾತ್ರಿ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ದೀಪ ಹಚ್ಚಿದ್ದು ನೆನಪಿಲ್ಲ. ಬೆಳೆದವರ ಸಿಟ್ಟು, ಜಾಳಿಸಿದವರ ಸಿಟ್ಟು, ಎರಡಕ್ಕೂ ನಡುವೆ ನಿಂತಿದ್ದು ಇದೇ ವಖಾರಿ.

ಆಮೇಲೆ ಕಾಲ ಬದಲಾಯಿತು. ನೀರಾವರಿ ಹೆಚ್ಚಾದಂತೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯಲ್ಲೆಲ್ಲ ಕಬ್ಬು ಹಬ್ಬಿತು. ತಂಬಾಕಿನ ಹೊಲ ಕಡಿಮೆಯಾಯಿತು. ಕೆಲವು ವಖಾರಿಗಳಲ್ಲಿ ಈಗಲೂ ಕೆಲಸ ನಡೆದಿದೆ. ಉಳಿದವುಗಳಲ್ಲಿ ಕೆಲವು ಕಿರಾಣಿ ಮಾಲಿನ ಗೋದಾಮು, ಕೆಲವು ಫರ್ನಿಚರ್ ಅಂಗಡಿ, ಕೆಲವು ಮಂಗಲ ಕಾರ್ಯಾಲಯ. ಮಾಡು ಕುಸಿದು ಜಾಲಿ ಬೆಳೆದದ್ದೂ ಉಂಟು, ಕೆಡವಿ ಪ್ಲಾಟ್ ಹಾಕಿದ್ದೂ ಉಂಟು.

ನಮ್ಮ ಭಾಗದಲ್ಲಿ ಕೈಗಾರಿಕೆಯ ಹಳೆಯ ಕುರುಹುಗಳಿಗೆ ಬರವಿಲ್ಲ. ಮೀರಜ–ಬೆಳಗಾವಿ ರೈಲುದಾರಿಯ ಮೇಲೆ ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳಿವೆ. ‘ಚಿಕ್ಕೋಡಿ ರೋಡ್’ ಎಂದು ನಂಬಿ ಇಳಿದವರು ಚಿಕ್ಕೋಡಿ ಇನ್ನೂ ಎಷ್ಟು ದೂರವೆಂದು ಕೇಳಿ ನಿಟ್ಟುಸಿರು ಬಿಡುವುದು ಹಳೆಯ ಕತೆ. ಕಾಗವಾಡ ತಾಲೂಕಿನ ಉಗಾರ ಖುರ್ದದ ಸಕ್ಕರೆ ಕಾರಖಾನೆ 1939ರದು. ಪಕ್ಕದ ಗೋಕಾಕದಲ್ಲಿ 1885ರಲ್ಲಿ ಕಂಪನಿ ಹುಟ್ಟಿ, ಘಟಪ್ರಭೆಯ ಧುಮುಕುವ ನೀರಿನ ಬಲದಿಂದ ನೂಲಿನ ಗಿರಣಿ ತಿರುಗಿಸಿದರು. ಅಥಣಿಯ ಚಪ್ಪಲಿ ಮಾಡುವವರಿಗೆ ಮನೆಯ ಪಡಸಾಲೆಯೇ ಕಾರಖಾನೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಬೆಳಗಾವಿ ಜಿಲ್ಲೆಯೂ ಅದರಲ್ಲಿ ಸೇರಿತು. ಆದರೆ ‘ನಿಮ್ಮ ಊರಿನ ಐತಿಹಾಸಿಕ ಸ್ಥಳ ಬರೆಯಿರಿ’ ಎಂದರೆ ನಮ್ಮ ಮಕ್ಕಳು ಗುಡಿ, ಕೋಟೆ, ಮಠ ಬರೆಯುತ್ತಾರೆ. ದುಡಿಮೆಯ ಮನೆಯನ್ನು ಯಾರೂ ಬರೆಯುವುದಿಲ್ಲ. ನಾನೂ ಬರೆಸಿರಲಿಲ್ಲ.

ಕಾನೂನೂ ಹೆಚ್ಚು ಕಡಿಮೆ ಹಾಗೆಯೇ ನೋಡುತ್ತದೆ. ಪ್ರಾಚೀನ ಸ್ಮಾರಕಗಳ ಬಗ್ಗೆ ಕೇಂದ್ರ ಸರಕಾರದ 1958ರ ಕಾಯಿದೆಯಂತೆ ಸ್ಮಾರಕಕ್ಕೆ ಕನಿಷ್ಠ ನೂರು ವರ್ಷ ಆಗಿರಬೇಕು. ನೂರು ತುಂಬುವವರೆಗೆ ವಖಾರಿ ನಿಂತಿರಬೇಕಲ್ಲ? ಅದನ್ನು ನಿಲ್ಲಿಸುವುದು ಬಳಕೆಯೊಂದೇ. ಮನುಷ್ಯರು ಓಡಾಡುವ ಮನೆಯ ಹಂಚು ಸರಿದರೆ ಅಂದೇ ಸರಿಮಾಡುತ್ತಾರೆ. ಬೀಗ ಹಾಕಿದ ಮನೆಯಲ್ಲಿ ಒಂದು ಹಂಚು ಸರಿದರೆ ಮೂರು ಮಳೆಗಾಲಕ್ಕೆ ತೊಲೆ ಕೊಳೆತು ಗೋಡೆಯೇ ಬೀಳುತ್ತದೆ. ಈ ದೃಷ್ಟಿಯಿಂದ ನೋಡಿದರೆ ವಖಾರಿಯನ್ನು ಮದುವೆ ಮನೆ ಮಾಡಿದ ಮಾಲಕರು ಉಪಕಾರವನ್ನೇ ಮಾಡಿದ್ದಾರೆ.

ಹೊರಗಿನ ಲೋಕದಲ್ಲೂ ಹೀಗೆಯೇ ನಡೆದಿದೆ. ಲಂಡನ್ನಿನ ಥೇಮ್ಸ್ ದಂಡೆಯ ಬ್ಯಾಂಕ್‌ಸೈಡ್ ವಿದ್ಯುತ್ ಕೇಂದ್ರ ನಿಂತದ್ದು 1981ರಲ್ಲಿ, ನಮ್ಮಲ್ಲಿ ಗೋಲಿಬಾರ್ ಆದ ವರ್ಷವೇ. 2000ದಲ್ಲಿ ಅದು ‘ಟೇಟ್ ಮಾಡರ್ನ್’ ಎಂಬ ಕಲಾ ಸಂಗ್ರಹಾಲಯವಾಗಿ ತೆರೆಯಿತು. ಯಂತ್ರಗಳಿದ್ದ ದೊಡ್ಡ ಪಡಸಾಲೆಯನ್ನು ಇಂದಿಗೂ ‘ಟರ್ಬೈನ್ ಹಾಲ್’ ಎಂದೇ ಕರೆಯುತ್ತಾರೆ. ಮುಂಬೈಯಲ್ಲಿ 1982ರ ಮಹಾಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಫೀನಿಕ್ಸ್ ಮಿಲ್ಲು ಮಾಲ್ ಆಯಿತು, ಚಿಮಣಿ ಉಳಿಯಿತು. ಅದರ ನೆರಳಿನಲ್ಲಿ ಓಡಾಡುವವರಿಗೆ ಗಿರಣಿಯವರ ನೆನಪು ಎಷ್ಟಿದೆಯೋ! ಇಲ್ಲೇ ಸನಿಹದ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1906ರಲ್ಲಿ ಆರಂಭಿಸಿದ ಮಿಲ್ಲು ಮುಚ್ಚಿ ಹೋಗಿತ್ತು. 2022ರಲ್ಲಿ, ಮಹಾರಾಜರು ತೀರಿಕೊಂಡು ನೂರು ವರ್ಷವಾದಾಗ, ಅದರ ಆವರಣವನ್ನು ಜನರಿಗೆ ತೆರೆದು ಪ್ರದರ್ಶನ ಏರ್ಪಡಿಸಿದರು.

ಕೈಗಾರಿಕೆಯ ಪರಂಪರೆಯನ್ನು ಕಾಯುವ ಅಂತರರಾಷ್ಟ್ರೀಯ ಮಂಡಳಿಯೊಂದು 2003ರಲ್ಲಿ ರಷ್ಯಾದ ನಿಜ್ನಿ ತಾಗಿಲ್ ಎಂಬ ಊರಲ್ಲಿ ಸೇರಿ ಒಂದು ಸನ್ನದು ಮಾಡಿತು. ಗಣಿ, ಗಿರಣಿಗಳ ಜೊತೆಗೆ ಉಗ್ರಾಣಗಳನ್ನೂ ಅದು ಪರಂಪರೆಯೆಂದು ಎಣಿಸುತ್ತದೆ. ಬೆಲೆ ಇರುವುದು ಗೋಡೆ, ಯಂತ್ರಗಳಲ್ಲಿ ಮಾತ್ರವಲ್ಲ, ದುಡಿದವರ ನೆನಪು, ನಡವಳಿಕೆಗಳಲ್ಲೂ ಎನ್ನುತ್ತದೆ. ಹಳೆಯ ಕಟ್ಟಡಕ್ಕೆ ಹೊಸ ಕೆಲಸ ಕೊಡಬಹುದು, ಆದರೆ ಮೊದಲು ಅಲ್ಲೇನು ನಡೆಯುತ್ತಿತ್ತೆಂದು ತಿಳಿಸುವ ಒಂದಿಷ್ಟು ಜಾಗ ಇರಲಿ ಎನ್ನುತ್ತದೆ. ಇದನ್ನು ಓದಿದಾಗ ನನಗೆ ಅವ್ವ ಬೆರಳು ತೋರಿಸಿದ ಹೊಸ್ತಿಲು ನೆನಪಾಯಿತು. ದೊಡ್ಡವರು ಸಭೆ ಸೇರಿ ಹೇಳಿದ್ದನ್ನು ಅವಳು ಬಾಗಿಲಲ್ಲಿ ನಿಂತು ಹೇಳಿದ್ದಳು.

ಆ ವರ್ಷ ನಾನು ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಟೇಪಿನಿಂದ ಗೋಡೆ ಅಳೆದೆವು, ಕಿಟಕಿ ಎಣಿಸಿದೆವು. ಹಿತ್ತಲಲ್ಲಿ ಮಾಡಿನಿಂದ ಇಳಿಸಿಟ್ಟ ಹಳೆಯ ಹಂಚುಗಳ ರಾಶಿ ಇತ್ತು. ಒಬ್ಬ ಹುಡುಗ ಒಂದನ್ನು ತಿರುವಿ, “ಅಕ್ಕಾರ, ಇದು 1865ರ ಕಟ್ಟಡ ರೀ!” ಎಂದು ಕೂಗಿದ. ಹಂಚಿನ ಬೆನ್ನಿಗೆ ‘ಕಾಮನ್‌ವೆಲ್ತ್’ ಎಂಬ ಹೆಸರೂ 1865 ಎಂಬ ಅಂಕಿಯೂ ಒತ್ತಿತ್ತು. ಅಂದಿನ ಪಾಠ ಅಲ್ಲೇ ಶುರುವಾಯಿತು. 1865 ಎಂಬುದು ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಮೊದಲ ಹಂಚಿನ ಕಾರಖಾನೆ ಹಾಕಿದ ವರ್ಷ. ಮೊದಲ ಮಹಾಯುದ್ಧದ ಕಾಲದಲ್ಲಿ ಆ ಕಾರಖಾನೆಗಳು ಮಿಶನ್ನಿನ ಕೈತಪ್ಪಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಹಾಗಾದರೆ ಈ ಹಂಚು ಯುದ್ಧದ ಮುಂಚಿನದೋ ನಂತರದ್ದೋ ನೀವೇ ಹೇಳಿ ಎಂದೆ. ಮಕ್ಕಳು ಸರಿಯಾಗಿಯೇ ಹೇಳಿದರು. ಮಂಗಳೂರಿನ ಹಂಚು ನಿಪ್ಪಾಣಿಗೆ ಬಂತು, ನಿಪ್ಪಾಣಿಯ ತಂಬಾಕು ಮಂಗಳೂರಿನ ಬೀಡಿಗೆ ಹೋಯಿತು ಎಂದಾಗ ಅವರಿಗೆ ಬಹಳ ಖುಷಿಯಾಯಿತು. ನಕಾಶೆಯ ಮೇಲೆ ಎರಡೂ ಊರನ್ನು ಗೆರೆ ಎಳೆದು ಜೋಡಿಸಿದರು. ಮನೆಗೆ ಹೋಗಿ ಅಜ್ಜಿಯರನ್ನು ಕೇಳಿ ಬರೆದು ತನ್ನಿರೆಂದೆ. ನಲವತ್ತೆರಡು ಮಕ್ಕಳಲ್ಲಿ ಹತ್ತೊಂಬತ್ತು ಮಕ್ಕಳ ಮನೆಯಲ್ಲಿ ಯಾರಾದರೊಬ್ಬರು ವಖಾರಿಗೆ ಹೋದವರಿದ್ದರು. ಕೆಲವರು ಕನ್ನಡದಲ್ಲಿ, ಕೆಲವರು ಮರಾಠಿಯಲ್ಲಿ ಹೇಳಿದ್ದರು. ಗಡಿಯ ಜಗಳ ಹೊರಗೆ ಎಷ್ಟೇ ಇರಲಿ, ಜರಡಿಯ ಧೂಳಿಗೆ ಭಾಷೆ ಇರಲಿಲ್ಲ.

ಆಮೇಲೆ ನಾನು ಕಾರ್ಯಾಲಯದ ಮಾಲಕರನ್ನು ಕಂಡು, ಬಾಗಿಲ ಬದಿಗೆ ಒಂದು ಸಣ್ಣ ಫಲಕ ಹಾಕಿಸಿರೆಂದು ಕೇಳಿಕೊಂಡೆ. ಒಳ್ಳೆಯ ಮನುಷ್ಯರು, ಚಹಾ ಕೊಟ್ಟರು. “ಮದುವಿ ಮನಿಯಾಗ ತಂಬಾಕಿನ ಮಾತು ಯಾಕ್ರಿ ಅಕ್ಕಾರ? ನೀವs ಸಾಲ್ಯಾಗ ತಂಬಾಕು ಕೆಟ್ಟದ್ದಂತ ಹೇಳತೀರಿ” ಎಂದರು.

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅವರ ಮಾತು ಸುಳ್ಳಲ್ಲ. 2003ರ ಕಾಯಿದೆಯಂತೆ ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂದು ನಾನೇ ಮಕ್ಕಳಿಂದ ಹಲಗೆ ಬರೆಸಿದ್ದೇನೆ. ಮನೆಗೆ ಬಂದು ಯೋಚಿಸಿದೆ. ನೆನಪಿಡುವುದೆಂದರೆ ಹೊಗಳುವುದು ಎಂದು ನಾವು ತಿಳಿದುಬಿಟ್ಟಿದ್ದೇವೆ. ತಂಬಾಕಿನ ಗುಣಗಾನ ಮಾಡಲು ಯಾರು ಹೇಳಿದರು? ಒಂದು ಊರು ಯಾವುದರ ಮೇಲೆ ಬದುಕಿತು, ಆ ಬದುಕಿಗೆ ಯಾರ ಎದೆ ಸುಟ್ಟಿತು, ಇದನ್ನು ತಿಳಿಯದೆ ತಂಬಾಕು ಕೆಟ್ಟದ್ದೆಂದು ಮಕ್ಕಳಿಗೆ ಹೇಳಿದರೆ ಅದು ಬರೀ ಬಾಯಿಪಾಠ.

ಅವ್ವನ ವಿಚಾರವೇ ಬೇರೆ. “ಕೆಡವಿದ್ರ ಕೆಡವಲಿ ಬಿಡು. ಅದರಾಗ ಏನೈತಿ ನೋಡಾಕ, ಧೂಳಾ?” ಎಂದಳು. ಕಟ್ಟಡ ಉಳಿಸಬೇಕೆಂದು ಓಡಾಡುವವಳು ನಾನು; ಅದರಲ್ಲಿ ಜೀವ ಸವೆಸಿದವಳಿಗೆ ಅದು ಬೇಡ. ಹೊರಗಿನಿಂದ ನೋಡುವವರಿಗೆ ಹಳೆಯ ಗೋಡೆ ಚೆಂದ ಕಾಣುತ್ತದೆ ಎಂಬುದನ್ನು ನಾನು ಅಂದು ಕಲಿತೆ.

ಮದುವೆಯ ಹಿಂದಿನ ವರ್ಷಗಳಲ್ಲಿ ಕಾರ್ಯಾಲಯದವರು ಎಲ್ಲ ಕೆಲಸ ಮುಗಿಸಿದ್ದರೂ ಬಾಗಿಲಿಗೆ ಗ್ರಾನೈಟು ಹಾಕಿಸುವುದು ಬಾಕಿ ಇತ್ತು. ಅದಕ್ಕಾಗಿ ಹಳೆಯ ಹೊಸ್ತಿಲು ತೆಗೆಯುತ್ತಾರೆಂದು ತಿಳಿದು ಮತ್ತೆ ಹೋದೆ. “ಬೇಕಾದ್ರ ಆ ಕಲ್ಲ ಒಯ್ರಿ ಅಕ್ಕಾರ, ಸಾಲ್ಯಾಗ ಇಟಗೋರಿ” ಎಂದರು. ನನಗೆ ಹಿಗ್ಗಾಯಿತು. ಶಾಲೆಯ ಮುಂದೆ ಕಟ್ಟೆ ಕಟ್ಟಿಸಿ, ಮೇಲೆ ಕಲ್ಲಿಟ್ಟು, ಬದಿಗೆ ನಾಲ್ಕು ಸಾಲು ಬರೆಸಬೇಕೆಂದು ಲೆಕ್ಕ ಹಾಕುತ್ತ ಮನೆಗೆ ಬಂದೆ.

ಅವ್ವ ಕೇಳಿಸಿಕೊಂಡು ನಕ್ಕಳು. “ಬಾಗಲಾಗ ಇದ್ರ ಅದು ಹೊಸ್ತಲಾ. ಕಿತ್ತು ಹೊರಗಿಟ್ರ ಬರೇ ಕಲ್ಲ. ಒಯ್ದು ಏನ್ ಮಾಡತಿ?”

ಈ ಮಾತನ್ನು ನಾನು ಮಾಲಕರಿಗೆ ಹಾಗೆಯೇ ಮುಟ್ಟಿಸಿದೆ, ನನ್ನದೊಂದೂ ಸೇರಿಸಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಅಜ್ಜನೂ ಅದೇ ಕಲ್ಲು ದಾಟಿ ಗಾದಿಯ ಮೇಲೆ ಕೂತವರಲ್ಲವೇ? ಎಂಟು ದಿನದ ಮೇಲೆ ಅತ್ತ ಹೋದಾಗ ನೋಡಿದೆ: ಗ್ರಾನೈಟು ಎರಡೂ ಬದಿಗೆ ಬಂದಿದೆ, ನಡುವೆ ಹಳೆಯ ಕಲ್ಲು ಹಾಗೇ ಕೂತಿದೆ. ಫಲಕ ಮಾತ್ರ ಇಲ್ಲ. ಮಕ್ಕಳು ಅಜ್ಜಿಯರಿಂದ ಬರೆದು ತಂದ ಹಾಳೆಗಳನ್ನು ಹೊಲಿಸಿ ಶಾಲೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ಪ್ರತಿ ವರ್ಷ ಒಂಬತ್ತನೆಯ ತರಗತಿಯವರು ಅದನ್ನು ಓದಿಕೊಂಡು, ಆಮೇಲೆ ಆ ಬಾಗಿಲಿಗೆ ಹೋಗಿ ಬರಬೇಕೆಂದು ಗೊತ್ತುಮಾಡಿದ್ದೇನೆ. ಸದ್ಯಕ್ಕೆ ನಮ್ಮ ಫಲಕ ಅದೇ.

ಮದುವೆಯ ದಿನದ ಒಂದು ಮಾತು ಹೇಳುವುದು ಉಳಿಯಿತು. ಊಟದ ಹೊತ್ತಿಗೆ ಅವ್ವ ಪಂಗತಿಯ ತುದಿಗೆ, ಮೂರನೆಯ ಕಿಟಕಿಯ ಕೆಳಗೆ ತನ್ನ ಕುರ್ಚಿ ಹಾಕಿಸಿಕೊಂಡಳು. ಮೊದಲು ಅವಳು ಜರಡಿ ಹಿಡಿದು ಕೂಡುತ್ತಿದ್ದ ಜಾಗ ಅದೇ ಅಂತೆ. ಜಿಲೇಬಿ ಮುರಿದು ಮೊಮ್ಮಗಳ ಬಾಯಿಗೆ ತಾನೇ ಹಾಕಿದಳು. ಆಮೇಲೆ ಮೇಲೆ ನೋಡಿ ನನಗೆ ಹೇಳಿದಳು: “ಈಗ ನೋಡು, ಕಿಡಕಿ ತೆರದಾರ.”